ಎರಡೇ ವರ್ಷಕ್ಕೆ ಹರಿದ ಬುಷ್: ಲೋವರ್ ಆರ್ಮ್ ಮನೆಯಲ್ಲೇ ಬಿಚ್ಚಿ ಸರಿಮಾಡಿದ್ದು

ಬ್ರೇಕ್ ಹಾಕಿದಾಗ ಒಂದು "ಟಕ್". ಬಿಟ್ಟಾಗ ಇನ್ನೊಂದು "ಟಕ್". ರಿವರ್ಸ್ ತೆಗೆಯುವಾಗ ಬ್ರೇಕ್ ಒತ್ತಿದರೆ ಅದೇ ಸದ್ದು ಇನ್ನೂ ಜೋರು. ಎಡಗಡೆ ಮುಂದಿನ ಚಕ್ರದ ಹತ್ತಿರ, ನಮ್ಮ ಕಾಲಿನ ಕೆಳಗೇ ಯಾರೋ ಸಣ್ಣ ಸುತ್ತಿಗೆಯಿಂದ ಬಡಿದ ಹಾಗೆ. ಸ್ಟೀರಿಂಗ್ ಕೂಡ ಸ್ವಲ್ಪ ಬದಲಾಗಿತ್ತು. ಜೋರಾಗಿ ಬ್ರೇಕ್ ಹಾಕಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಬ್ರೇಕ್ ಬಿಟ್ಟ ಕೂಡಲೇ ಮತ್ತೆ ನೇರವಾಗುತ್ತಿತ್ತು.

ನನಗೆ ಬೇಜಾರಾದದ್ದು ಸದ್ದಿಗಲ್ಲ. ಮುಂದಿನ ಎರಡೂ ಲೋವರ್ ಆರ್ಮ್‌ಗಳಿಗೆ ಎರಡು ವರ್ಷದ ಹಿಂದೆಯಷ್ಟೇ ಒಂದು ವರ್ಕ್‌ಶಾಪ್‌ನಲ್ಲಿ ಹೊಸ ಬುಷ್ ಹಾಕಿಸಿದ್ದೆ. ಲೋವರ್ ಆರ್ಮ್ ಅಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಹಿಡಿದಿಡುವ ತೋಳು, ಅದು ಚೌಕಟ್ಟಿಗೆ ಸೇರುವ ಕಡೆ ಕೂರುವ ರಬ್ಬರ್ ತುಂಡೇ ಬುಷ್. ಕಾರಿನ ಜೊತೆ ಬಂದಿದ್ದ ಮೊದಲಿನ ಬುಷ್‌ಗಳು ಹತ್ತು ವರ್ಷ ಬಾಳಿದ್ದವು. ಹೊಸವು 24 ಸಾವಿರ ಕಿಲೋಮೀಟರ್‌ಗೇ ಹೋದವು ಅಂದರೆ ಎಲ್ಲೋ ಏನೋ ತಪ್ಪಾಗಿರಬೇಕು ಅಲ್ವಾ? ಅದೇನು ಅಂತ ತಿಳಿಯದೆ ಮತ್ತೊಂದು ಜೊತೆ ಹಾಕಿದರೆ ಅವೂ ಎರಡು ವರ್ಷಕ್ಕೇ ಹೋಗುತ್ತವೆ. ಅದಕ್ಕೇ ಈ ಸಲ ನಾನೇ ಬಿಚ್ಚಿದೆ.

ಸದ್ದು ಎಲ್ಲಿಂದ ಬರುತ್ತಿದೆ

ಮುಂದಿನ ಸಸ್ಪೆನ್ಷನ್‌ನಲ್ಲಿ ಸದ್ದು ಮಾಡುವ ಭಾಗಗಳು ನಾಲ್ಕೈದು ಇವೆ. ಸುಮ್ನೆ ಊಹೆ ಮಾಡಿ ಒಂದೊಂದೇ ಬದಲಿಸುತ್ತಾ ಹೋದರೆ ಕೆಲಸ ಮುಗಿಯುವುದಿಲ್ಲ. ಮೊದಲು, ಎರಡು ಚಕ್ರಗಳ ನಡುವೆ ಹಾದು ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಲಿಂಕ್‌ಗಳನ್ನು ಎರಡೂ ಕಡೆ ಕಳಚಿ, ಬಾರ್ ಯಾವುದಕ್ಕೂ ತಾಗದಂತೆ ಕಟ್ಟಿ, ಮನೆ ಮುಂದೆಯೇ ನಿಧಾನವಾಗಿ ಓಡಿಸಿ ನೋಡಿದೆ. ಸದ್ದು ಹಾಗೇ ಇತ್ತು. ಹಾಗಾದರೆ ಲಿಂಕ್ ಅಲ್ಲ. ಚಕ್ರ ಮೇಲೆತ್ತಿ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದೆ. ಆರ್ಮ್ ಚಕ್ರದ ಕಡೆಗೆ ಸೇರುವ ಬಾಲ್ ಜಾಯಿಂಟ್‌ನಲ್ಲಿ ಆಟ ಇರಲಿಲ್ಲ. ಎಡಬಲ ಹಿಡಿದು ಅಲ್ಲಾಡಿಸಿದೆ, ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡ್ ಕೂಡ ಗಟ್ಟಿ ಇತ್ತು. ನಿಂತ ಕಾರಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮೇಲಿನ ಸ್ಟ್ರಟ್ ಮೌಂಟ್‌ನಿಂದ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್ ಕಾರಿಗೆ ಸೇರುವ ಜಾಗ) ಏನೂ ಕೇಳಲಿಲ್ಲ.

ಕೊನೆಗೆ ಗೊತ್ತಾದದ್ದು ಕಣ್ಣಿನಿಂದಲೇ. ತಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಒಂದಡಿ ಮುಂದೆ, ಬ್ರೇಕ್, ಒಂದಡಿ ಹಿಂದೆ, ಬ್ರೇಕ್ ಅಂತ ಮಾಡಿಸಿದೆ. ನಾನು ಪಕ್ಕದಲ್ಲಿ ದೂರ ಕೂತು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದನ್ನೇ ನೋಡುತ್ತಿದ್ದೆ. ಬಲಗಡೆ ಚಕ್ರ ಅಲ್ಲಾಡಿದ್ದು ಕಂಡೂ ಕಾಣದಷ್ಟು. ಎಡಗಡೆಯದು ಬ್ರೇಕ್ ಹಾಕಿದಾಗಲೆಲ್ಲ ಬೆರಳಿನ ದಪ್ಪದಷ್ಟು ಹಿಂದಕ್ಕೋ ಮುಂದಕ್ಕೋ ಸರಿದು "ಟಕ್" ಅನ್ನುತ್ತಿತ್ತು.

"ಅಣ್ಣಾ, ನನಗೆ ಪೆಡಲ್‌ನಲ್ಲೇ ಗೊತ್ತಾಗ್ತಿದೆ, ಏನೋ ಹೊಡೀತಿದೆ" ಅಂದ ತಮ್ಮ.

ಆಮೇಲೆ ಕೆಳಗೆ ಟಾರ್ಚ್ ಬಿಟ್ಟು, ಆರ್ಮ್‌ನ ಹಿಂದಿನ ಬುಷ್ ಹತ್ತಿರ ಉದ್ದನೆಯ ರಾಡ್‌ನಿಂದ ಮೀಟಿದೆ. ರಬ್ಬರ್ ಬಾಯಿ ತೆರೆಯಿತು. ಒಳಗಿನ ಸ್ಲೀವ್ (ಉಕ್ಕಿನ ಕೊಳವೆ) ಸುತ್ತ ಅರ್ಧಕ್ಕಿಂತ ಜಾಸ್ತಿ ಹರಿದುಹೋಗಿತ್ತು.

ಬುಷ್ ಒಳಗೆ ಏನು ನಡೆಯುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಇದು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ರಬ್ಬರ್ ಬುಷ್ ಅಂದರೆ ಹೊರಗೊಂದು ಉಕ್ಕಿನ ಸ್ಲೀವ್, ಒಳಗೊಂದು ಉಕ್ಕಿನ ಸ್ಲೀವ್, ನಡುವೆ ರಬ್ಬರ್. ಈ ರಬ್ಬರ್ ಎರಡೂ ಸ್ಲೀವ್‌ಗಳಿಗೆ ಅಂಟಿಕೊಂಡಿರುತ್ತದೆ, ಜಾರುವುದಿಲ್ಲ. ಹೊರಗಿನ ಸ್ಲೀವ್ ಆರ್ಮ್‌ನ ಕಣ್ಣಿನಲ್ಲಿ, ಅಂದರೆ ಆರ್ಮ್‌ನ ದುಂಡು ತೂತಿನಲ್ಲಿ, ಬಿಗಿಯಾಗಿ ಕೂತಿರುತ್ತದೆ. ಒಳಗಿನ ಸ್ಲೀವ್ ಬೋಲ್ಟ್ ಬಿಗಿದ ಕೂಡಲೇ ಸಬ್‌ಫ್ರೇಮ್‌ಗೆ, ಅಂದರೆ ಕಾರಿನ ಅಡಿಯ ಚೌಕಟ್ಟಿಗೆ, ಕಚ್ಚಿಕೊಳ್ಳುತ್ತದೆ. ಹಾಗಾಗಿ ಆರ್ಮ್ ಮೇಲೆ ಕೆಳಗೆ ಆಡುವಾಗ ಅಲ್ಲಿ ತಿರುಗುವಂಥದ್ದು ಏನೂ ಇಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ ಅಷ್ಟೇ. ಇದು ಬಾಗಿಲ ಕೀಲಿನ ಹಾಗಲ್ಲ. ಒದ್ದೆ ಬಟ್ಟೆಯ ಒಂದು ತುದಿ ಹಿಡಿದು ಇನ್ನೊಂದು ತುದಿ ಹಿಂಡಿದ ಹಾಗೆ.

ಬೋಲ್ಟ್ ಬಿಗಿಯುವ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿ ಇರುತ್ತದೋ ಆ ಕೋನವೇ ರಬ್ಬರಿಗೆ ವಿಶ್ರಾಂತಿಯ ಜಾಗ. ಅಲ್ಲಿಂದ ಎಷ್ಟು ಸರಿದರೂ ಅದಕ್ಕೆ ಅಷ್ಟು ತಿರುಚು. ಎರಡು ವರ್ಷದ ಹಿಂದೆ ಆ ಬೋಲ್ಟ್ ಬಿಗಿಯುವಾಗ ಕಾರು ಎಲ್ಲಿತ್ತು ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿದ್ದಾಗಲೇ ಬಿಗಿದುಬಿಟ್ಟರಾ?

ನನ್ನ ಕಾರಿನ ಆರ್ಮ್ ಎಲ್ ಆಕಾರದ್ದು. ಮುಂದೊಂದು ಸಣ್ಣ ಬುಷ್, ಹಿಂದೊಂದು ದೊಡ್ಡ ಬುಷ್. ಎರಡರ ಬೋಲ್ಟ್‌ಗಳೂ ಕಾರಿನ ಉದ್ದಕ್ಕೇ ಮಲಗಿವೆ, ಹಾಗಾಗಿ ಎರಡೂ ತಿರುಚಿಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ಹಿಂದಿನ ಬುಷ್‌ನ ಬೋಲ್ಟ್ ನೆಟ್ಟಗೆ ನಿಂತಿರುತ್ತದೆ. ಅಂಥ ಕಡೆ ಈ ಮಾತು ಮುಖ್ಯವಾಗಿ ಮುಂದಿನ ಬುಷ್‌ಗೆ ಸೇರಿದ್ದು.

ಏನು ಹಾಕುವುದು

ಮೂರು ದಾರಿ ಇದ್ದವು. ಬುಷ್, ಬಾಲ್ ಜಾಯಿಂಟ್ ಎಲ್ಲ ಸೇರಿದ ಇಡೀ ಆರ್ಮ್ ತರುವುದು. ಬರೀ ರಬ್ಬರ್ ಬುಷ್ ತರುವುದು. ಇಲ್ಲ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕುವುದು. ಬಾಲ್ ಜಾಯಿಂಟ್ ಕೂಡ ಸವೆದಿದ್ದರೆ ಇಡೀ ಆರ್ಮ್ ತರುವುದೇ ಜಾಣತನ. ಪ್ರೆಸ್ ಕೆಲಸವೆಲ್ಲ ತಪ್ಪುತ್ತದೆ. ನನ್ನ ಬಾಲ್ ಜಾಯಿಂಟ್ ಚೆನ್ನಾಗಿತ್ತು, ಆರ್ಮ್‌ಗೆ ತುಕ್ಕು ಹಿಡಿದಿರಲಿಲ್ಲ, ಬಾಗಿರಲಿಲ್ಲ. ಗಟ್ಟಿ ಇರುವುದನ್ನು ಎಸೆಯಲು ಮನಸ್ಸು ಬರಲಿಲ್ಲ.

ಪಾಲಿಯುರೆಥೇನ್ ಬಗ್ಗೆ ತುಂಬ ಯೋಚಿಸಿದೆ. ಅದು ತಿರುಚಿಕೊಳ್ಳುವುದಿಲ್ಲ, ಒಳಗಿನ ಸ್ಲೀವ್ ಮೇಲೆ ಜಾರಿ ತಿರುಗುತ್ತದೆ. ಹಾಗಾಗಿ ಬಿಗಿಯುವ ಕೋನದ ತಲೆನೋವು ಅಷ್ಟಿಲ್ಲ, ಸ್ಟೀರಿಂಗ್ ಕೂಡ ಚುರುಕಾಗುತ್ತದೆ. ಆದರೆ ರಸ್ತೆಯ ಸಣ್ಣ ಸಣ್ಣ ಪೆಟ್ಟೆಲ್ಲ ಕಾರಿನೊಳಗೆ ಬರುತ್ತದೆ. ಗ್ರೀಸ್ ಒಣಗಿದರೆ ಕಿರ್ ಕಿರ್ ಅನ್ನುತ್ತದೆ. ಮನೆಯವರೆಲ್ಲ ಕೂತು ಓಡಾಡುವ ಕಾರಿಗೆ ನನ್ನ ಆಯ್ಕೆ ರಬ್ಬರ್. ಹಿಂದಿನ ಬುಷ್‌ನಲ್ಲಿ ರಬ್ಬರ್ ನಡುವೆ ಬೇಕಂತಲೇ ಬಿಟ್ಟ ಎರಡು ಖಾಲಿ ಸಂದುಗಳಿವೆ. ಗುಂಡಿಗೆ ಬಿದ್ದಾಗ ಚಕ್ರ ಸ್ವಲ್ಪ ಹಿಂದಕ್ಕೆ ಸರಿದು ಪೆಟ್ಟು ನುಂಗಲಿ ಅಂತ ಆ ಜಾಗ ಬಿಟ್ಟಿರುತ್ತಾರೆ. ಕಾರು ಮಾಡಿದವರು ಇಷ್ಟೆಲ್ಲ ಯೋಚಿಸಿ ಇಟ್ಟದ್ದನ್ನು ನಾನು ಮುಚ್ಚಿಹಾಕುವುದು ಬೇಡ ಅನ್ನಿಸಿತು.

ಒಂದೇ ಕಡೆ ಬದಲಿಸಿ ಸುಮ್ಮನಾಗಲಿಲ್ಲ, ಎರಡೂ ಕಡೆ ಬದಲಿಸಿದೆ. ಎಡಗಡೆ ಹೊಸದು, ಬಲಗಡೆ ಅರ್ಧ ಸೋತದ್ದು ಅಂದರೆ ಬ್ರೇಕ್ ಹಾಕಿದಾಗ ಎರಡು ಚಕ್ರ ಎರಡು ಥರ ಸರಿಯುತ್ತವೆ. ನಾಲ್ಕು ಬುಷ್, ಜೊತೆಗೆ ಎಲ್ಲ ಬೋಲ್ಟ್, ನಟ್ ಹೊಸದು ತಂದೆ. ತಾನೇ ಕಚ್ಚಿ ನಿಲ್ಲುವ ನಟ್‌ಗಳನ್ನು ಒಮ್ಮೆ ಬಿಚ್ಚಿದ ಮೇಲೆ ನಂಬಬಾರದು.

ಶನಿವಾರ ಬೆಳಿಗ್ಗೆ: ಬಿಚ್ಚುವ ಮೊದಲು ಅಳತೆ

ಜಾಕ್ ಮುಟ್ಟುವ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದೆ. ಎರಡೂ ಕಡೆ 365 ಮಿಲಿಮೀಟರ್. ಇದನ್ನು ಗೋಡೆಯ ಮೇಲೇ ಚಾಕ್‌ನಲ್ಲಿ ಬರೆದೆ. ಈ ಒಂದು ಅಳತೆ ಇಲ್ಲದಿದ್ದರೆ ಕೊನೆಯ ಕೆಲಸ ಕತ್ತಲಲ್ಲಿ ಮಾಡಿದ ಹಾಗಾಗುತ್ತದೆ.

ಆಮೇಲೆ ಮುಂದಿನ ಚಕ್ರಗಳನ್ನು ರ‍್ಯಾಂಪ್ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಮರದ ದಿಮ್ಮಿ ಅಡ್ಡ ಕೊಟ್ಟೆ. ರ‍್ಯಾಂಪ್ ಮೇಲೆ ಇದ್ದರೆ ಕಾರಿನ ಭಾರ ಚಕ್ರದ ಮೇಲೇ ಇರುತ್ತದೆ, ಕೆಳಗೆ ಕೈ ಹೋಗುವಷ್ಟು ಜಾಗವೂ ಸಿಗುತ್ತದೆ. ಬಲಗಡೆ ಹಿಂದಿನ ಬುಷ್ ಇನ್ನೂ ಪೂರ್ತಿ ಹರಿದಿರಲಿಲ್ಲ. ಅದರ ಒಳ ಸ್ಲೀವ್‌ನ ತುದಿಯಿಂದ ಸಬ್‌ಫ್ರೇಮ್‌ನವರೆಗೆ ಬಿಳಿ ಪೇಂಟ್‌ನಲ್ಲಿ ಒಂದೇ ನೇರ ಗೆರೆ ಎಳೆದು, ಉದ್ದ ಹಿಡಿ ಹಾಕಿ ನಟ್ ಸಡಿಲಿಸಿದೆ.

ಎರಡು ಸುತ್ತು ಸಡಿಲವಾಗಿತ್ತು ಅಷ್ಟೇ. "ಠಕ್" ಅಂತ ಒಳ ಸ್ಲೀವ್ ತನ್ನಷ್ಟಕ್ಕೆ ತಾನೇ ತಿರುಗಿತು.

ಗೆರೆ ಎರಡು ತುಂಡಾಗಿತ್ತು. ಸಬ್‌ಫ್ರೇಮ್‌ನಲ್ಲಿದ್ದ ಅರ್ಧ ಅಲ್ಲೇ, ಸ್ಲೀವ್‌ನಲ್ಲಿದ್ದ ಅರ್ಧ ಎರಡೂವರೆ ಮಿಲಿಮೀಟರ್ ಆಚೆ. ಸ್ಲೀವ್‌ನ ವ್ಯಾಸ 24 ಮಿಲಿಮೀಟರ್, ಸುತ್ತಳತೆ ಸುಮಾರು 75. ಲೆಕ್ಕ ಹಾಕಿದರೆ 12 ಡಿಗ್ರಿ. ಅಂದರೆ ಕಾರು ಸುಮ್ಮನೆ ನಿಂತಿದ್ದಾಗಲೂ, ರಾತ್ರಿಯಿಡೀ, ಎರಡು ವರ್ಷ ಪೂರ್ತಿ, ಈ ರಬ್ಬರ್ 12 ಡಿಗ್ರಿ ತಿರುಚಿಕೊಂಡೇ ಇತ್ತು.

ಖಚಿತ ಮಾಡಿಕೊಳ್ಳಲು ಇನ್ನೊಂದು ಲೆಕ್ಕ. ಆಮೇಲೆ ಕಾರನ್ನು ಜಾಕ್ ಮೇಲೆತ್ತಿದಾಗ ಚಕ್ರ ಪೂರ್ತಿ ನೇತಾಡಿ, 365 ಇದ್ದದ್ದು 440 ಆಯಿತು. 75 ಮಿಲಿಮೀಟರ್ ಇಳಿತ. ಆರ್ಮ್‌ನ ಉದ್ದ 350. ಅಷ್ಟು ಉದ್ದದ ಆರ್ಮ್ 75 ಮಿಲಿಮೀಟರ್ ಇಳಿಯಬೇಕಾದರೆ 12 ಡಿಗ್ರಿ ಚಿಲ್ಲರೆ ತಿರುಗಬೇಕು. ಎರಡು ಲೆಕ್ಕವೂ ಒಂದೇ ಕಡೆ ಬಂದು ನಿಂತವು. ಕಳೆದ ಸಲ ಚಕ್ರ ನೇತಾಡುತ್ತಿದ್ದಾಗಲೇ ಬೋಲ್ಟ್ ಬಿಗಿದಿದ್ದಾರೆ. ಗುಂಡಿಗೆ ಬಿದ್ದು ಚಕ್ರ ಇನ್ನೊಂದು ಹತ್ತು ಡಿಗ್ರಿ ಮೇಲೇರಿದಾಗ ರಬ್ಬರಿಗೆ ಆಗುತ್ತಿದ್ದುದು ಹತ್ತಲ್ಲ, ಇಪ್ಪತ್ತೆರಡು. ಬುಷ್ ಕಳಪೆ ಅಂತ ನಾನು ಎರಡು ವಾರದಿಂದ ಅದನ್ನೇ ಬೈದುಕೊಳ್ಳುತ್ತಿದ್ದೆ. ತಪ್ಪು ಅದರದ್ದಾಗಿರಲಿಲ್ಲ.

ತಮ್ಮನನ್ನು ಕರೆದು ಗೆರೆ ತೋರಿಸಿದೆ. "ಇಷ್ಟಕ್ಕೇನಾ?" ಅಂದ. ಇಷ್ಟಕ್ಕೇ.

ಆರ್ಮ್ ಹೊರಗೆ

ಸಡಿಲಿಸಿದ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ ಕಾರನ್ನು ರ‍್ಯಾಂಪ್‌ನಿಂದ ಇಳಿಸಿದೆ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್. ಮುಂದಿನ ಎರಡೂ ಕಡೆ ಎತ್ತಿ, ಸರಿಯಾದ ಜಾಗದಲ್ಲಿ ಜಾಕ್ ಸ್ಟ್ಯಾಂಡ್ ಕೊಟ್ಟು, ಕಾರನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿದೆ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷದ ಕೆಲಸಕ್ಕೂ ಬೇಡ. ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಕಳಚಿದ ಚಕ್ರವನ್ನೂ ಕಾರಿನ ಅಡಿಗೆ ತಳ್ಳಿ ಇಟ್ಟೆ.

ಎರಡೂ ಕಡೆ ಎತ್ತಲು ಕಾರಣವಿದೆ. ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ನಿಂತಿರುತ್ತದೆ. ಲಿಂಕ್ ಬಿಚ್ಚುವಾಗ ಬೋಲ್ಟ್ ಹೊರಗೇ ಬರುವುದಿಲ್ಲ, ಬಂದರೆ ಒದ್ದು ಬರುತ್ತದೆ.

ಬಾಲ್ ಜಾಯಿಂಟ್ ನಕಲ್‌ನೊಳಗೆ (ಚಕ್ರವನ್ನು ಹೊತ್ತಿರುವ ಲೋಹದ ಭಾಗ) ಕೂತು, ಒಂದು ಅಡ್ಡ ಬೋಲ್ಟ್‌ನಿಂದ ಬಿಗಿಯಾಗಿತ್ತು. ಈ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ತೆಗೆಯಬೇಕು. ಬಾಲ್ ಜಾಯಿಂಟ್‌ನ ಕಡ್ಡಿಯಲ್ಲಿ ಕೊರೆದ ತಗ್ಗಿನೊಳಗೆ ಅದು ಹಾದುಹೋಗಿರುತ್ತದೆ. ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ, ಆದರೂ ಹೊರಬರಲು ಅರ್ಧ ಗಂಟೆ ಬೇಕಾಯಿತು. ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಬಿಚ್ಚುವ ಕಡೆಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ಬಂದೆ. ಒಂದೇ ಕಡೆ ಬಲ ಹಾಕಿದ್ದರೆ ಬೋಲ್ಟ್ ಒಳಗೇ ಮುರಿದಿರುತ್ತಿತ್ತು. ಅದಾದ ಮೇಲೆ ನಕಲ್‌ನ ಸೀಳಿನಲ್ಲಿ ಚಪ್ಪಟೆ ಉಳಿ ಇಟ್ಟು ಮೆಲ್ಲಗೆ ಅಗಲಿಸಿ, ಆರ್ಮನ್ನು ರಾಡ್‌ನಿಂದ ಕೆಳಕ್ಕೆ ಒತ್ತಿದೆ. ಬಾಲ್ ಜಾಯಿಂಟ್ ಜಾರಿ ಬಂತು.

ಇಲ್ಲಿ ಒಂದು ಎಚ್ಚರ ಬೇಕು. ಕೆಳಗಿನ ಹಿಡಿತ ತಪ್ಪಿದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ. ಜೊತೆಗೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟನ್ನೂ ಎಳೆಯುತ್ತದೆ. ಜಾಸ್ತಿ ಎಳೆದರೆ ಒಳಗಿನ ಜಾಯಿಂಟ್ ರಬ್ಬರ್ ಬೂಟಿನೊಳಗೇ ಕಳಚಿಕೊಳ್ಳಬಹುದು. ನಾನು ನಕಲನ್ನು ಹಗ್ಗದಿಂದ ಸ್ಟ್ರಟ್‌ನ ಕಡೆಗೆ ಎಳೆದು ಕಟ್ಟಿಟ್ಟೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಲ್ಲೂ ಬಿಗಿದಿಲ್ಲ ಅಂತ ಕೈಯಿಂದ ಮುಟ್ಟಿ ನೋಡಿದೆ.

ಉಳಿದ ಎರಡು ಬೋಲ್ಟ್ ಸುಲಭವಾಗಿ ಬಂದವು. ಮಧ್ಯಾಹ್ನದ ಹೊತ್ತಿಗೆ ಆರ್ಮ್ ನೆಲದ ಮೇಲಿತ್ತು.

ಹಳೆಯ ಬುಷ್ ಹೊರಗೆ

ಹೊರಗೆ ತಳ್ಳುವ ಮೊದಲು ಮೂರು ಗುರುತು ಮಾಡಿದೆ. ಬುಷ್ ಯಾವ ಬದಿಯಿಂದ ಒಳಗೆ ಹೋಗಿದೆ, ಆರ್ಮ್‌ನ ಅಂಚಿನಿಂದ ಎಷ್ಟು ಹೊರಗೆ ಚಾಚಿದೆ, ಆ ಖಾಲಿ ಸಂದುಗಳು ಯಾವ ದಿಕ್ಕಿಗಿವೆ. ಹಿಂದಿನ ಬುಷ್ ಆರ್ಮ್‌ನಿಂದ ಮುಂಬದಿಗೆ 4 ಮಿಲಿಮೀಟರ್ ಚಾಚಿತ್ತು. ಸಂದುಗಳ ನೇರಕ್ಕೆ ಆರ್ಮ್‌ನ ಮೇಲೆ ಉಳಿಯಿಂದ ಸಣ್ಣ ಗೀರು ಹಾಕಿದೆ. ಪೇಂಟ್ ಆದರೆ ತೊಳೆಯುವಾಗ ಹೋಗಿಬಿಡುತ್ತದೆ. ಹಿಂದಿನವರು ಸರಿಯಾಗಿಯೇ ಹಾಕಿದ್ದರು ಅಂತ ಸರ್ವಿಸ್ ಪುಸ್ತಕದ ಚಿತ್ರದ ಜೊತೆ ಹೋಲಿಸಿಯೂ ನೋಡಿದೆ.

ಹೈಡ್ರಾಲಿಕ್ ಪ್ರೆಸ್ ನನ್ನ ಹತ್ತಿರ ಇಲ್ಲ. ಥ್ರೆಡ್ ರಾಡ್, ದಪ್ಪ ವಾಷರ್‌ಗಳು, ಎರಡು ನಟ್, ಬುಷ್ ಒಳಗೆ ಜಾರುವಷ್ಟು ಅಗಲದ ದಪ್ಪ ಪೈಪ್ ತುಂಡು, ಬುಷ್‌ನ ಹೊರ ಸ್ಲೀವ್ ಮೇಲೆ ಮಾತ್ರ ಕೂರುವ ದೊಡ್ಡ ಸಾಕೆಟ್. ಇವನ್ನು ಸಾಲಾಗಿ ಪೋಣಿಸಿದರೆ ಮನೆಯ ಪ್ರೆಸ್ ತಯಾರು. ಒಂದು ಕಡೆ ನಟ್ ಹಿಡಿದು ಇನ್ನೊಂದು ಕಡೆ ತಿರುಗಿಸಿದರೆ ಸಾಕೆಟ್ ಬುಷ್ಷನ್ನು ಪೈಪಿನೊಳಗೆ ತಳ್ಳುತ್ತದೆ.

ಮೊದಲ ಸಲ ಎಂ12 ಅಳತೆಯ (12 ಮಿಲಿಮೀಟರ್ ದಪ್ಪದ) ಮಾಮೂಲಿ ಮೆದು ಉಕ್ಕಿನ ರಾಡ್ ಹಾಕಿದೆ. ಬಿಗಿಯುತ್ತಾ ಹೋದೆ. ಒಂದು ಹಂತದಲ್ಲಿ ನಟ್ ಹಗುರವಾಗಿ ತಿರುಗತೊಡಗಿತು. ಬುಷ್ ಹೊರಡುತ್ತಿದೆ ಅಂದುಕೊಂಡೆ. ನೋಡಿದರೆ ಬುಷ್ ಇದ್ದಲ್ಲೇ ಇತ್ತು. ರಾಡ್‌ನ ಥ್ರೆಡ್ ಎದ್ದು ಬಂದಿತ್ತು.

ಆಮೇಲೆ ಲೆಕ್ಕ ಹಾಕಿದೆ. ಎಂ12 ನಟ್ಟನ್ನು 80 ನ್ಯೂಟನ್ ಮೀಟರ್‌ಗೆ (ಇದು ತಿರುಗಿಸುವ ಬಲದ, ಅಂದರೆ ಟಾರ್ಕ್‌ನ ಅಳತೆ) ತಿರುಗಿಸಿದರೆ ರಾಡ್ ಮೇಲೆ ಬೀಳುವ ಎಳೆತ ಹತ್ತಿರ ಹತ್ತಿರ ಮೂರು ಟನ್ ದಾಟುತ್ತದೆ. 4.6 ದರ್ಜೆಯ ಮೆದು ರಾಡ್ ಎರಡು ಟನ್‌ಗೇ ಸೋಲಲು ಶುರುಮಾಡುತ್ತದೆ. 8.8 ದರ್ಜೆಯದು ಸುಮಾರು ಐದು ಟನ್‌ವರೆಗೆ ತಡೆಯುತ್ತದೆ. ಅಳತೆ ಒಂದೇ, ನೋಡಲೂ ಒಂದೇ, ತಡೆಯುವ ಶಕ್ತಿ ಎರಡೂವರೆ ಪಟ್ಟು. ಹಾಗಾಗಿ 8.8ರ ರಾಡ್, ಮಾಮೂಲಿಗಿಂತ ಮೂರು ಪಟ್ಟು ಉದ್ದದ ನಟ್, ಥ್ರೆಡ್‌ಗೆಲ್ಲ ಗ್ರೀಸ್, ಉಜ್ಜಾಟ ಕಡಿಮೆಯಾಗಲು ನಟ್ ಕೆಳಗೆ ಹಳೆಯದೊಂದು ಥ್ರಸ್ಟ್ ಬೇರಿಂಗ್ ಹಾಕಿ ಮತ್ತೆ ಶುರುಮಾಡಿದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ರಾಡ್‌ನ ನೇರಕ್ಕೆ ಮುಖ ಬಾರದಂತೆ ಪಕ್ಕದಲ್ಲಿ ನಿಂತೆ. ಟನ್‌ಗಟ್ಟಲೆ ಎಳೆತ ಇರುವ ರಾಡ್ ತುಂಡಾದರೆ ಗುಂಡಿನ ಹಾಗೆ ಹಾರುತ್ತದೆ.

ಮುಂದಿನ ಸಣ್ಣ ಬುಷ್ "ಟಣ್" ಅಂತ ಬಿಟ್ಟುಕೊಂಡು ಹೊರಬಂತು. ಹಿಂದಿನದು ಹಾಗಾಗಲಿಲ್ಲ. ಹರಿದ ರಬ್ಬರ್ ಮತ್ತು ಒಳ ಸ್ಲೀವ್ ಮಾತ್ರ ಬಂದವು, ಹೊರ ಸ್ಲೀವ್ ಆರ್ಮ್‌ನಲ್ಲೇ ಉಳಿಯಿತು. ಕೆಲವರು ಇಂಥ ಕಡೆ ಬೆಂಕಿ ಹಚ್ಚಿ ರಬ್ಬರ್ ಸುಡುತ್ತಾರೆ. ಆ ಹೊಗೆ ಎದೆಗೆ ಕೆಟ್ಟದ್ದು, ಮನೆಯ ಹತ್ತಿರ ಅಂತೂ ಬೇಡವೇ ಬೇಡ. ಉಳಿದ ರಬ್ಬರನ್ನು ಚಾಕುವಿನಿಂದ ಕೆರೆದು ತೆಗೆದೆ. ಹ್ಯಾಕ್ಸಾ ಬ್ಲೇಡನ್ನು ಆರ್ಮ್‌ನ ಕಣ್ಣಿನೊಳಗೆ ತೂರಿಸಿ, ಆಮೇಲೆ ಫ್ರೇಮ್‌ಗೆ ಹಾಕಿ, ಸ್ಲೀವನ್ನು ಒಳಗಿನಿಂದ ಉದ್ದಕ್ಕೆ ಕೊಯ್ದೆ. ಸ್ಲೀವ್ ದಪ್ಪ ಬರೀ ಎರಡು ಮಿಲಿಮೀಟರ್. ಹತ್ತು ಸಲ ಎಳೆಯುವುದು, ನಿಲ್ಲಿಸಿ ಟಾರ್ಚ್ ಹಾಕಿ ನೋಡುವುದು. ಬ್ಲೇಡ್ ಆರ್ಮ್‌ಗೆ ತಾಗುವ ಮೊದಲೇ ನಿಲ್ಲಿಸಿ, ಸೀಳಿನ ಅಂಚಿಗೆ ಉಳಿ ಕೊಟ್ಟು ಒಳಕ್ಕೆ ಮಡಚಿದೆ. ಬಿಗಿ ಹೋಯಿತು, ನಾಲ್ಕು ಪೆಟ್ಟಿಗೆ ಸ್ಲೀವ್ ಹೊರಗೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಜಾಗ ಇದೊಂದೇ. ಒಂದು ಗಂಟೆ ಹಿಡಿಯಿತು.

ಹೊಸ ಬುಷ್ ಒಳಗೆ

ಆರ್ಮ್‌ನ ಕಣ್ಣಿನ ಒಳಮೈಯನ್ನು ನಯವಾದ ಉಜ್ಜು ಕಾಗದದಿಂದ ಶುಚಿ ಮಾಡಿದೆ. ತುಕ್ಕು ಹೋಗಬೇಕು, ಲೋಹ ಸವೆಯಬಾರದು. ಬುಷ್ ಹೋಗುವ ಬಾಯಿಯ ಅಂಚನ್ನು ಅರದಿಂದ ಸ್ವಲ್ಪ ನಯ ಮಾಡಿದೆ.

ಬುಷ್‌ಗಳನ್ನು ರಾತ್ರಿ ಫ್ರೀಜರ್‌ನಲ್ಲಿ ಇಡಿ, ಕುಗ್ಗುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಕುಗ್ಗುತ್ತವೆ? 45 ಮಿಲಿಮೀಟರ್ ವ್ಯಾಸದ ಉಕ್ಕಿನ ಸ್ಲೀವ್ 28 ಡಿಗ್ರಿಯಿಂದ ಸೊನ್ನೆಗಿಂತ ಕೆಳಗೆ 18 ಡಿಗ್ರಿಗೆ ಇಳಿದರೆ ಕುಗ್ಗುವುದು 0.025 ಮಿಲಿಮೀಟರ್. ತೀರಾ ಸಣ್ಣದು, ಆದರೂ ಇಲ್ಲದ್ದಕ್ಕಿಂತ ವಾಸಿ. ನಾನು ಇಟ್ಟೆ. ಮೊದಲ ಅರ್ಧ ಇಂಚು ಸಲೀಸಾಗಿ ಹೋಯಿತು, ಅಷ್ಟರಲ್ಲಿ ಬುಷ್ ಬಿಸಿಯಾಗಿ ಮತ್ತೆ ಬಿಗಿಯಾಯಿತು. ಫ್ರೀಜರ್ ನಂಬಿ ಪ್ರೆಸ್ ಬಿಡುವ ಹಾಗಿಲ್ಲ.

ಆರ್ಮ್‌ನ ಕಣ್ಣಿಗೆ ಸೋಪಿನ ನೀರು ಸವರಿದೆ. ಗ್ರೀಸ್ ಹಾಕಲಿಲ್ಲ, ಎಂಜಿನ್ ಆಯಿಲ್ ಮೊದಲೇ ಬೇಡ. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಅದೂ ಅಲ್ಲದೆ ಸ್ಲೀವ್ ಆರ್ಮ್‌ನೊಳಗೆ ಕಚ್ಚಿ ಕೂರಬೇಕು, ಎಣ್ಣೆ ಹಾಕಿದರೆ ಮುಂದೆಂದೋ ಜಾರಬಹುದು.

ಮೊದಲ ಎರಡು ಸುತ್ತು ತಿರುಗಿಸಿದಾಗ ಬುಷ್ ಒಂದು ಬದಿಗೆ ವಾಲಿತು. ಇಲ್ಲಿ ಹಟ ಮಾಡಬಾರದು. ವಾಲಿದ್ದನ್ನೇ ಒತ್ತಿದರೆ ಸ್ಲೀವ್ ಆರ್ಮ್‌ನ ಒಳಮೈಯನ್ನು ಕೆತ್ತಿಕೊಂಡು ಹೋಗುತ್ತದೆ. ಹಿಂದಕ್ಕೆ ತೆಗೆದು, ನೇರ ಕೂರಿಸಿ, ಮೂಲೆಮಟ್ಟ ಇಟ್ಟು ನೋಡಿ, ಮತ್ತೆ ಬಿಗಿದೆ. ಸಾಕೆಟ್ ಹೊರ ಸ್ಲೀವ್‌ನ ಅಂಚಿನ ಮೇಲೆ ಮಾತ್ರ ಕೂರಬೇಕು. ರಬ್ಬರ್ ಮೇಲೋ ಒಳ ಸ್ಲೀವ್ ಮೇಲೋ ಕೂತರೆ ಕಾರಿಗೆ ಹಾಕುವ ಮೊದಲೇ ಅಂಟು ಬಿಡುತ್ತದೆ. 4 ಮಿಲಿಮೀಟರ್ ಚಾಚು ಬಂದಾಗ ನಿಲ್ಲಿಸಿದೆ. ಗೀರಿನ ನೇರಕ್ಕೆ ಸಂದು ಇತ್ತು.

ಭಾನುವಾರ: ಬಲಗಡೆ, ಆಮೇಲೆ ಬಿಗಿಯುವ ಕೆಲಸ

ಬಲಗಡೆ ಆರ್ಮ್‌ಗೆ ಮೂರು ಗಂಟೆ ಸಾಕಾಯಿತು. ಎಡಗಡೆಗೆ ಇಡೀ ದಿನ ಹೋಗಿತ್ತು. ಹೇಳುವಂಥದ್ದೇನೂ ಅಲ್ಲಿ ನಡೆಯಲಿಲ್ಲ.

ಆರ್ಮ್‌ಗಳನ್ನು ಜಾಗಕ್ಕೆ ಸೇರಿಸಿ, ಬಾಲ್ ಜಾಯಿಂಟ್‌ನ ಅಡ್ಡ ಬೋಲ್ಟನ್ನು ಪೂರ್ತಿ ಬಿಗಿದೆ. ಅದಕ್ಕೆ ಕೋನದ ಹಂಗಿಲ್ಲ. ಬುಷ್‌ಗಳ ನಾಲ್ಕು ಬೋಲ್ಟ್‌ಗಳನ್ನು ಮಾತ್ರ ಕೈಬಿಗಿಗೆ ಬಿಟ್ಟೆ. ಆರ್ಮ್ ಆಡಿಸಿದರೆ ಒಳ ಸ್ಲೀವ್ ಬೋಲ್ಟ್ ಸುತ್ತ ಆರಾಮಾಗಿ ತಿರುಗುತ್ತಿತ್ತು. ನಮಗೆ ಬೇಕಾದದ್ದು ಅದೇ.

ಈಗ ಚಕ್ರ 365ಕ್ಕೆ ಬರಬೇಕು. ಮೊದಲು ಬಾಲ್ ಜಾಯಿಂಟ್ ಕೆಳಗೆ ಜಾಕ್ ಕೊಟ್ಟು ಆರ್ಮನ್ನು ಎತ್ತಿ ನೋಡಿದೆ. ತುಂಬ ಜನ ಹೀಗೇ ಮಾಡುತ್ತಾರೆ. 380 ಬರುವ ಹೊತ್ತಿಗೆ ಸ್ಟ್ಯಾಂಡ್ ಮೇಲಿನ ಭಾರ ಹಗುರಾಗತೊಡಗಿತು. ತಕ್ಷಣ ಇಳಿಸಿದೆ. ಯೋಚಿಸಿದರೆ ಅದು ಸಹಜವೇ. ಕಾರು ನೆಲದಲ್ಲಿದ್ದಾಗ ಆ ಮೂಲೆಯ ಭಾರವೆಲ್ಲ ಆ ಸ್ಪ್ರಿಂಗ್ ಮೇಲೇ ಇರುತ್ತದೆ. ಸ್ಪ್ರಿಂಗ್ ಅಷ್ಟೇ ಕುಗ್ಗಬೇಕಾದರೆ ಜಾಕ್ ಕೂಡ ಅಷ್ಟೇ ಭಾರ ಎತ್ತಬೇಕು, ಆಗ ಸ್ಟ್ಯಾಂಡ್‌ಗೆ ಉಳಿಯುವುದು ಏನೂ ಇಲ್ಲ. ಈ ದಾರಿ ಬಿಟ್ಟೆ.

ಚಕ್ರ ಹಾಕಿ, ಕಾರನ್ನು ನೆಲಕ್ಕೆ ಇಳಿಸಿದೆವು. ಇಳಿಸಿದ ಕೂಡಲೇ ಅಳೆದರೆ 390 ಇತ್ತು. ಟೈರ್‌ಗಳು ನೆಲವನ್ನು ಹಿಡಿದುಕೊಂಡು ಚಕ್ರ ಹೊರಕ್ಕೆ ಸರಿಯಲು ಬಿಡುವುದಿಲ್ಲ. ತಮ್ಮ ಮುಂದಿನಿಂದ, ನಾನು ಬಾಗಿಲ ಪಕ್ಕದಿಂದ ಹಿಡಿದು ಕಾರನ್ನು ಒಂದು ಮೀಟರ್ ಹಿಂದೆ, ಒಂದು ಮೀಟರ್ ಮುಂದೆ ತಳ್ಳಿ, ಬಾನೆಟ್ ಮೇಲೆ ನಾಲ್ಕು ಸಲ ಒತ್ತಿ ಬಿಟ್ಟೆವು. ಈಗ 366. ಆಮೇಲೆ ಎಂಜಿನ್ ಶುರುಮಾಡಿ, ಆಕ್ಸಿಲರೇಟರ್ ಮುಟ್ಟದೆ, ಆಮೆಯ ಹಾಗೆ ರ‍್ಯಾಂಪ್ ಹತ್ತಿಸಿದೆ. ಬೋಲ್ಟ್ ಬಿಗಿಯದ ಕಾರನ್ನು ಓಡಿಸುವುದು ಈ ಎರಡು ಮೀಟರ್‌ಗೆ ಮಾತ್ರ, ರಸ್ತೆಗೆ ಇಳಿಸುವ ಮಾತೇ ಇಲ್ಲ. ರ‍್ಯಾಂಪ್ ಮೇಲೆ ಮತ್ತೆ ಅಳೆದೆ, 367.

ಹಿಂದಿನ ಚಕ್ರಗಳಿಗೆ ದಿಮ್ಮಿ ಕೊಟ್ಟು, ಕೆಳಗೆ ಹೋಗಿ, ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್‌ನಿಂದ ನಾಲ್ಕೂ ಬೋಲ್ಟ್ ಬಿಗಿದೆ. ನನ್ನ ಕಾರಿನ ಪುಸ್ತಕದಲ್ಲಿ 110 ನ್ಯೂಟನ್ ಮೀಟರ್ ಅಂತಿದೆ, ನಿಮ್ಮದರಲ್ಲಿ ಬೇರೆ ಇರುತ್ತದೆ, ನೋಡಿಕೊಳ್ಳಿ. ಕೆಲವು ಬೋಲ್ಟ್‌ಗಳಿಗೆ ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ಅಂತಲೂ ಇರುತ್ತದೆ. ಬಿಗಿದ ಮೇಲೆ ಪ್ರತಿ ಬುಷ್‌ನ ಒಳ ಸ್ಲೀವ್ ತುದಿಯಿಂದ ಆರ್ಮ್‌ನ ಕಣ್ಣಿನವರೆಗೆ ಒಂದು ಬಿಳಿ ಗೆರೆ ಎಳೆದೆ. ಈ ಸಲ ಗೆರೆ ಸಬ್‌ಫ್ರೇಮ್‌ಗಲ್ಲ, ಆರ್ಮ್‌ಗೆ. ರಬ್ಬರ್ ಎಷ್ಟು ತಿರುಚಿದೆ ಅಂತ ಯಾವಾಗ ಬೇಕಾದರೂ ಕಣ್ಣಿಂದಲೇ ನೋಡಬಹುದು.

ರಸ್ತೆಯಲ್ಲಿ

ಮೊದಲ ಬ್ರೇಕ್‌ಗೆ ಸದ್ದಿಲ್ಲ. ರಿವರ್ಸ್‌ನಲ್ಲೂ ಇಲ್ಲ. ಜೋರಾಗಿ ಬ್ರೇಕ್ ಹಾಕಿದರೂ ಕಾರು ನೇರ ನಿಂತಿತು. ನನಗೆ ತುಂಬ ಸಂತೋಷವಾದದ್ದು ಇನ್ನೊಂದಕ್ಕೆ. ಸ್ಟೀರಿಂಗ್‌ನ ನಡುವಿನಲ್ಲಿ ಒಂದು ಸಡಿಲ ಇತ್ತು. ಅದು ದಿನ ದಿನ ಸ್ವಲ್ಪ ಸ್ವಲ್ಪವೇ ಬಂದಿದ್ದರಿಂದ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಹೋದ ಮೇಲೆಯೇ ಇತ್ತು ಅಂತ ಗೊತ್ತಾಯಿತು.

ಮರುದಿನವೇ ಅಲೈನ್‌ಮೆಂಟ್ ಮಾಡಿಸಿದೆ. ಟೋ ಅಳತೆ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು) ಎರಡೂ ಕಡೆ ತಪ್ಪಿತ್ತು. ಸಡಿಲ ಬುಷ್ ಇದ್ದಾಗ ಮಾಡಿದ ಹಳೆಯ ಅಲೈನ್‌ಮೆಂಟ್ ಹೊಸ ಬುಷ್‌ಗೆ ಹೊಂದುವುದಿಲ್ಲ. ಇದನ್ನು ಬಿಟ್ಟರೆ ಟೈರ್ ಒಂದು ಬದಿಯಿಂದ ತಿಂದುಹೋಗುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿದೆ, ಯಾವುದೂ ಸಡಿಲವಾಗಿರಲಿಲ್ಲ.

ಈಗ ಐದು ಸಾವಿರ ಕಿಲೋಮೀಟರ್ ಆಗಿದೆ. ಮೊನ್ನೆ ಟೈರ್ ಅದಲುಬದಲು ಮಾಡಲು ಕಾರು ಎತ್ತಿದಾಗ ಟಾರ್ಚ್ ಹಿಡಿದು ನೋಡಿದೆ. ಚಕ್ರ ನೇತಾಡುತ್ತಿದ್ದಾಗ ಬಿಳಿ ಗೆರೆಯ ಎರಡು ತುಂಡುಗಳ ನಡುವೆ ಎರಡೂವರೆ ಮಿಲಿಮೀಟರ್ ಅಂತರ ಇತ್ತು. ಕೆಲಸ ಮುಗಿಸಿ, ಕಾರು ಇಳಿಸಿ, ಒಂದು ಸುತ್ತು ಓಡಿಸಿ ಬಂದು, ರ‍್ಯಾಂಪ್ ಹತ್ತಿಸಿ ಮತ್ತೆ ನೋಡಿದೆ. ನಾಲ್ಕೂ ಬುಷ್‌ಗಳಲ್ಲಿ ಗೆರೆ ಕೂಡಿಕೊಂಡು ಒಂದೇ ಆಗಿತ್ತು.